ಕೊಳದ ಐದನೆಯ ಮೆಟ್ಟಿಲು

ಸೋರುವ ತೊಟ್ಟಿಗೆ ಮದ್ದು ಬೇಕೆಂದರೆ ಆ ಪೇಟೆಯ ಜನ ಒಂದೇ ಮನೆಯ ಬಾಗಿಲು ತಟ್ಟುತ್ತಿದ್ದರು. ಆ ಮನೆಯ ಗಂಡಸು ಲಾರಿ ಓಡಿಸುತ್ತಿದ್ದ. ತಿಂಗಳಲ್ಲಿ ಹತ್ತು ದಿನ ಮನೆಯಲ್ಲಿದ್ದರೆ ಹೆಚ್ಚು. ಗಾರೆ ಕೆಲಸ ಮಾಡುತ್ತಿದ್ದವರು ಅವನ ತಾಯಿ ಮತ್ತು ಅವನ ಹೆಂಡತಿ. ಅತ್ತೆಗೆ ಎಪ್ಪತ್ತೊಂದು, ಸೊಸೆಗೆ ನಲವತ್ತನಾಲ್ಕು. ಸೊಸೆ ಮದುವೆಯಾಗಿ ಬಂದ ಮೂರನೆಯ ವಾರಕ್ಕೇ ಅತ್ತೆ ಅವಳ ಕೈಗೆ ಕರಣೆ ಕೊಟ್ಟು, "ಅಡುಗೆ ನನ್ ಮಗನಿಗೂ ಬರುತ್ತೆ, ನೀನು ಇದನ್ನ ಕಲಿ" ಎಂದಿದ್ದಳು. ಕಲಿಸಿದ್ದು ಬೈಗುಳದಲ್ಲೇ. ಆದರೆ ಕಲಿಸಿದ್ದು ನೆಟ್ಟಗೆ ಕಲಿಸಿದ್ದಳು. ಈಗ ಊರೆಲ್ಲ ಸೊಸೆಯನ್ನೇ ಮೇಸ್ತ್ರಿ ಅನ್ನುತ್ತಿತ್ತು. ಅತ್ತೆ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಗಾರೆಯ ಹದ ನೋಡುವಳು. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಸುಕುವಳು. ಬೆರಳ ಸಂದಿಯಲ್ಲಿ ನೀರು ಜಿನುಗಿದರೆ ಬೈಯುವಳು, ಜಿನುಗದಿದ್ದರೂ ಬೈಯುವಳು.

ಮೂರು ರಸ್ತೆ ಕೂಡುವಲ್ಲಿದ್ದ ಸಣ್ಣ ಚರ್ಚಿನಿಂದ ಇವರಿಗೆ ಕರೆ ಬಂತು. ಆ ಸಭೆಯವರು ದೀಕ್ಷಾಸ್ನಾನ ಕೊಡುವಾಗ ತಲೆಯ ಮೇಲೆ ನೀರು ಚಿಮುಕಿಸಿ ಬಿಡುವವರಲ್ಲ. ಇಡೀ ಮೈ ನೀರಿನಲ್ಲಿ ಮುಳುಗಿ ಏಳಬೇಕು. ಅದಕ್ಕೆಂದೇ ಪ್ರಸಂಗಪೀಠದ ಮುಂದೆ, ಮರದ ಹಲಗೆಗಳ ಕೆಳಗೆ ಒಂದು ಕೊಳವಿತ್ತು. ಎಂಟಡಿ ಉದ್ದ, ಆರಡಿ ಅಗಲ, ನಾಲ್ಕಡಿ ಆಳ. ಒಂಬತ್ತು ವರ್ಷದಿಂದ ಅದರಲ್ಲಿ ನೀರು ನಿಂತಿರಲಿಲ್ಲ. ಶನಿವಾರ ಸಂಜೆ ತುಂಬಿಸಿದರೆ ಭಾನುವಾರ ಬೆಳಗ್ಗೆ ಪಾದ ಮುಳುಗುವಷ್ಟೂ ಇರುತ್ತಿರಲಿಲ್ಲ. ಸ್ನಾನಕ್ಕೆ ಸಿದ್ಧರಾದವರನ್ನು ಪಕ್ಕದ ಊರಿನ ಚರ್ಚಿಗೆ ಬಸ್ಸಿನಲ್ಲಿ ಕರೆದೊಯ್ದು, ಬೇರೆಯವರ ಕೊಳದಲ್ಲಿ ಮುಳುಗಿಸಿಕೊಂಡು ಬರುತ್ತಿದ್ದರು.

ಸಭೆಯ ಕಾರ್ಯದರ್ಶಿಗೆ ಈ ದುರಸ್ತಿ ಬೇಕಿರಲಿಲ್ಲ. ಅವರು ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ತೊಟ್ಟಿಯೊಂದನ್ನು ತಂದು ಇಳಿಸಿಬಿಟ್ಟರೆ ಮುಗಿಯಿತು ಎಂಬುದು ಅವರ ಲೆಕ್ಕ. ಪಾಸ್ಟರ್ ಒಪ್ಪಲಿಲ್ಲ. "ಕೊಳ ಅಂದ್ರೆ ಕೊಳ ಇರ್ಬೇಕು. ಮಗು ಸ್ನಾನ ಮಾಡಿಸೋ ಟಬ್ಬಲ್ಲ ಇದು" ಎಂದು ಅತ್ತೆ–ಸೊಸೆಗೆ ಹೇಳಿಕಳಿಸಿದ್ದರು.

ಮೊದಲ ದಿನ ಮೇಸ್ತ್ರಿ ಯಾವುದನ್ನೂ ಒಡೆಯಲಿಲ್ಲ. ಕೊಳ ತುಂಬಿಸಿ, ನೀರಿನ ಅಂಚಿಗೆ ಸೀಸದಕಡ್ಡಿಯಲ್ಲಿ ಗೆರೆ ಎಳೆದಳು. ಒಂದು ಬಕೆಟ್ಟಿಗೂ ನೀರು ತುಂಬಿ, ಅದರೊಳಗೊಂದು ಗೆರೆ ಎಳೆದು ಕೊಳದ ಪಕ್ಕ ಇಟ್ಟಳು.

"ಬಕೆಟ್ ಯಾಕೆ?" ಎಂದರು ಕಾರ್ಯದರ್ಶಿ, ಉತ್ತರ ಗೊತ್ತಿದ್ದವರ ದನಿಯಲ್ಲಿ.

"ಗಾಳಿಗೆ ಆರೋ ನೀರು ಬಕೆಟ್ಟಲ್ಲೂ ಕಮ್ಮಿ ಆಗುತ್ತೆ, ಕೊಳದಲ್ಲೂ ಆಗುತ್ತೆ. ಅದಕ್ಕಿಂತ ಜಾಸ್ತಿ ಹೋದದ್ದು ಕಳ್ಳತನ."

ಕಾರ್ಯದರ್ಶಿ ಬಗ್ಗಿ ಬಕೆಟ್ಟಿನೊಳಗಿನ ಗೆರೆ ನೋಡಿದರು. ಕೇಳಿದ್ದಕ್ಕೆ ಸರಿಯುತ್ತರ ಸಿಕ್ಕಿದ್ದು ಅವರಿಗೆ ಅಷ್ಟೇನೂ ಹಿಡಿಸಿದಂತೆ ಕಾಣಲಿಲ್ಲ.

ಕಳ್ಳ ಸಿಕ್ಕಿದ್ದು ಮೂಲೆಗಳಲ್ಲಿ. ಹಳೆಯವರು ಗೋಡೆ ಮತ್ತು ನೆಲ ಕೂಡುವ ಜಾಗವನ್ನು ಪುಸ್ತಕದ ಅಂಚಿನ ಹಾಗೆ ಚೂಪಾಗಿ ಬಿಟ್ಟಿದ್ದರು. ನೀರಿಗೆ ಚೂಪು ಮೂಲೆ ಎಂದರೆ ತೆರೆದ ಬಾಗಿಲು. ಇಡೀ ಗಿಲಾವು ಕೆತ್ತಿ ತೆಗೆದು, ಮೂಲೆಗಳನ್ನು ಅಂಗೈ ಬಾಗಿದಂತೆ ದುಂಡಗೆ ಮಾಡಿ, ಮತ್ತೆ ಮೂರು ಪದರ ಬಳಿಯಬೇಕೆಂದು ಮೇಸ್ತ್ರಿ ಹೇಳಿದಳು. ಒಪ್ಪಿಗೆ ಸಿಕ್ಕಿತು. ಸುತ್ತಿಗೆಯ ಸದ್ದು ಶುರುವಾಯಿತು.

ಪಾಸ್ಟರ್ ಸಣಕಲು ಮನುಷ್ಯ, ವಯಸ್ಸು ಅರವತ್ತರ ಆಚೀಚೆ. ಬೆಳಗ್ಗೆ ಮನೆಗಳಿಗೆ ಭೇಟಿ ಕೊಟ್ಟು ಬಂದವರೇ ಚಹದ ಫ್ಲಾಸ್ಕು ಹಿಡಿದು ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಕೇಳುವ ಕಿವಿ ಸಿಕ್ಕಿದರೆ ಸಾಕು, ಬೈಬಲ್ಲಿನ ಕೊಳಗಳ ಕತೆ ಹೇಳುತ್ತಿದ್ದರು. ಆ ನಾಡಿನಲ್ಲಿ ಮಳೆ ಬರುವುದು ವರ್ಷದ ಕೆಲವೇ ತಿಂಗಳು. ಆದ್ದರಿಂದ ಅಲ್ಲಿ ಊರು ಕಟ್ಟುವುದೆಂದರೆ ಮೊದಲು ನೀರು ನಿಲ್ಲಿಸುವುದು. ಕೊಳವಿದ್ದ ಊರಿಗೆ ಮಾತ್ರ ಮುತ್ತಿಗೆ ತಡೆಯುವ ತಾಕತ್ತು. ಹಾಗೆ ಶುರು ಮಾಡಿದರೆ ಫ್ಲಾಸ್ಕು ಖಾಲಿಯಾಗುವವರೆಗೆ ನಿಲ್ಲಿಸುವವರಲ್ಲ.

"ಒಬ್ಬ ಪ್ರವಾದಿ ಇದ್ರು" ಎಂದರು ಒಂದು ದಿನ. "ಜನ ಉಕ್ಕೋ ಬುಗ್ಗೇನ ಬಿಟ್ಟು, ಬಿರುಕು ಬಿಟ್ಟ ತೊಟ್ಟಿ ತೋಡ್ಕೊಂಡು ಕೂತಿದ್ದಾರೆ ಅಂತ ದುಃಖಪಟ್ರು. ದೇವರನ್ನ ಬಿಟ್ಟವರ ಬಾಳು ಹಾಗೆ ಅಂತ ಅದರ ಅರ್ಥ."

ಬಕೆಟ್ಟಿನ ಮೇಲಿಂದ ಅತ್ತೆ ಕೇಳಿದಳು: "ಅರ್ಥ ಆಮೇಲಾಯ್ತು. ತೊಟ್ಟಿ ಯಾಕೆ ಬಿರುಕು ಬಿಡ್ತು? ಏಳು ದಿನ ನೀರು ಕುಡಿಸದೆ ಒಣಗೋಕೆ ಬಿಟ್ಟಿರ್ತಾರೆ. ಅವರಿಗೆ ಹೇಳೋರು ಯಾರೂ ಇರ್ಲಿಲ್ವಾ?"

"ಹೇಳೋಕೇ ಅಮ್ಮಾ ಆ ಪ್ರವಾದಿಯನ್ನ ಕಳಿಸಿದ್ದು. ಜನ ಕೇಳ್ಲಿಲ್ಲ. ಕೊನೆಗೆ ಅವರನ್ನೇ ಹಿಡಿದು ಒಂದು ತೊಟ್ಟಿಗೆ ಇಳಿಸಿಬಿಟ್ರು. ನೀರಿರ್ಲಿಲ್ಲ, ಬರೀ ಕೆಸರು."

"ತೊಳೆಯೋ ಅಭ್ಯಾಸವೂ ಇಲ್ಲ ಅನ್ನಿ" ಎಂದು ಅತ್ತೆ ಮೂಗು ಮುರಿದಳು. ಪಾಸ್ಟರ್ ನಕ್ಕ ರಭಸಕ್ಕೆ ಚಹ ಅಂಗಿಯ ಮೇಲೆ ಚೆಲ್ಲಿತು.

ಇನ್ನೊಂದು ದಿನ ಸುರಂಗದ ಕತೆ. ಶತ್ರುಗಳು ಬರುತ್ತಾರೆಂದು ಗೊತ್ತಾದಾಗ ಹಿಜ್ಕೀಯ ಎಂಬ ಅರಸ ಊರಾಚೆಯ ಬುಗ್ಗೆಯ ನೀರನ್ನು ಕೋಟೆಯೊಳಗಿನ ಕೊಳಕ್ಕೆ ತಂದ. ನಡುವೆ ಇದ್ದದ್ದು ಬಂಡೆ. ಬಂಡೆಯನ್ನು ಎರಡು ತಂಡ ಎರಡೂ ಕಡೆಯಿಂದ ಕೊರೆಯುತ್ತ ಬಂದು ನಡುವೆ ಕೂಡಿಕೊಂಡವು.

ಮೇಸ್ತ್ರಿಯ ಕೈಯ ಉಳಿ ನಿಂತಿತು. "ಮಟ್ಟ ನೋಡೋಕೆ ರಸಮಟ್ಟ ಇಲ್ದೆ? ಕತ್ಲಲ್ಲಿ? ಹೇಗೆ ಕೂಡ್ಕೊಂಡ್ರು?"

"ಕೊನೆಗೆ ಮೂರು ಮೊಳ ಬಂಡೆ ಉಳಿದಾಗ ಆ ಕಡೆಯವನು ಕೂಗಿದ್ದು ಈ ಕಡೆಯವನಿಗೆ ಕೇಳಿಸ್ತಂತೆ. ದನಿ ಬಂದ ಕಡೆಗೇ ಹೊಡೆದ್ರು. ಇದನ್ನೆಲ್ಲ ಅಲ್ಲೇ ಗೋಡೆ ಮೇಲೆ ಕೆತ್ತಿಟ್ಟಿದ್ರು. ಎಷ್ಟೋ ಶತಮಾನ ಆದ್ಮೇಲೆ ಜನರ ಕಣ್ಣಿಗೆ ಬಿತ್ತು."

"ಅರಸನ ಹೆಸರು ದೊಡ್ಡದಾಗಿ ಕೆತ್ತಿರ್ತಾರೆ."

"ಅದೇ ಸೊಗಸು ನೋಡಿ. ಸಿಕ್ಕಿರೋ ಸಾಲುಗಳಲ್ಲಿ ಅರಸನ ಹೆಸರೇ ಇಲ್ಲ. ಗುದ್ದಲಿ ಹಿಡಿದವರು ಹೇಗೆ ಹೊಡೆದ್ರು, ಹೇಗೆ ಕೂಗಿದ್ರು, ನೀರು ಹೇಗೆ ಹರೀತು, ಅಷ್ಟೇ."

ಅವತ್ತು ಸಂಜೆ ಮನೆಗೆ ಹೋಗುವಾಗ ಮೇಸ್ತ್ರಿ ದಾರಿಯುದ್ದಕ್ಕೂ ಬೆನ್ನು ನೆಟ್ಟಗಿಟ್ಟು ನಡೆದಳು. "ಏನೇ, ಕುತ್ತಿಗೆ ಹಿಡ್ಕೊಂಡಿದ್ಯಾ?" ಎಂದು ಅತ್ತೆ ಎರಡು ಸಲ ಕೇಳಿದಳು.

ಮಾರನೆಯ ದಿನದ ಕತೆ ಬೇತ್ಸಥದ ಕೊಳದ್ದು. ಐದು ಮಂಟಪ, ಅದರ ತುಂಬ ರೋಗಿಗಳು. ನೀರು ಕದಡಿದ ಕ್ಷಣದಲ್ಲಿ ಮೊದಲು ಇಳಿದವನಿಗೆ ವಾಸಿಯಾಗುತ್ತದೆಂಬ ನಂಬಿಕೆ. ಅಲ್ಲೊಬ್ಬ ಮೂವತ್ತೆಂಟು ವರ್ಷದಿಂದ ಕಾಯಿಲೆ ಬಿದ್ದವನು. ನನ್ನನ್ನು ಇಳಿಸುವವರು ಯಾರೂ ಇಲ್ಲ, ನಾನು ಹೋಗುವಷ್ಟರಲ್ಲಿ ಬೇರೆಯವರು ಇಳಿದುಬಿಡುತ್ತಾರೆ ಎಂದ ಅವನು.

ಮೇಸ್ತ್ರಿಯ ಮುಖ ಕೆಂಪಾಯಿತು. "ಅದು ಕೊಳ ಕಟ್ಟಿದವನ ತಪ್ಪು! ರೋಗಿಗಳು ಬರೋ ಜಾಗ ಅಂತ ಗೊತ್ತು. ಐದು ಮಂಟಪ ಕಟ್ಟೋಕೆ ಕಲ್ಲು ಸಿಕ್ತು, ಇಳಿಯೋಕಾಗೋ ಹಾಗೆ ಒಂದು ಮೆಟ್ಟಿಲು ಕಟ್ಟೋಕೆ ಸಿಗ್ಲಿಲ್ವಾ?"

"ಸರಿಯಾಗಿ ಕೇಳಿದ್ರಿ" ಎಂದಿತು ಬಾಗಿಲ ಕಡೆಯಿಂದ ಒಂದು ದನಿ.

ಬಂದವಳು ಎದುರಿನ ಅಂಗಡಿ ಸಾಲಿನ ಟೈಲರಮ್ಮ. ವಯಸ್ಸು ಐವತ್ತೆರಡು. ನಾಲ್ಕನೆಯ ವಯಸ್ಸಿನಲ್ಲಿ ಬಂದ ಜ್ವರ ಅವಳ ಎರಡೂ ಕಾಲುಗಳ ಕಸುವನ್ನು ತೆಗೆದುಕೊಂಡು ಹೋಗಿತ್ತು. ಕೈಯಲ್ಲಿ ತಿರುಗಿಸುವ ಮೂರು ಚಕ್ರದ ಗಾಡಿಯಲ್ಲಿ ಓಡಾಡುತ್ತಿದ್ದಳು, ಕೈಯಲ್ಲಿ ತಿರುಗಿಸುವ ಮೆಷಿನ್ನಿನಲ್ಲಿ ಹೊಲಿಯುತ್ತಿದ್ದಳು. ಅವಳ ತೋಳು ನೋಡಿದರೆ ಮೂಟೆ ಹೊರುವವರೂ ನಾಚಬೇಕು. ಮಡಿಲಲ್ಲಿ ಬಿಳಿ ನಿಲುವಂಗಿಗಳ ಗಂಟಿತ್ತು. ದೀಕ್ಷಾಸ್ನಾನಕ್ಕೆ ಇಳಿಯುವವರು ಹಾಕಿಕೊಳ್ಳುವ ಬಟ್ಟೆ. ನೀರಿನಲ್ಲಿ ತೇಲಿ ಮೇಲೆದ್ದು ಬರಬಾರದೆಂದು ಕೆಳಗಿನ ಮಡಿಕೆಯೊಳಗೆ ಸಣ್ಣ ಸಣ್ಣ ಸೀಸದ ಗುಂಡು ಇಟ್ಟು ಹೊಲಿದಿದ್ದಳು. ಹನ್ನೊಂದು ವರ್ಷದಿಂದ ಹೊಲಿದುಕೊಡುತ್ತಿದ್ದಳು. ಅವಳು ಮಾತ್ರ ಒಂದು ಸಲವೂ ಅದನ್ನು ತೊಟ್ಟಿರಲಿಲ್ಲ.

"ಯಾಕೆ?" ಎಂದು ಮೇಸ್ತ್ರಿ ನೇರವಾಗಿ ಕೇಳಿಬಿಟ್ಟಳು.

"ನಾಲ್ಕು ಜನ ಎತ್ಕೊಂಡು ಇಳಿಸ್ತೀವಿ ಅಂತಾರೆ. ಒಳ್ಳೆ ಮನಸ್ಸಿಂದಾನೇ ಅಂತಾರೆ. ಆದ್ರೆ ನಾನೇನು ಸಿಮೆಂಟ್ ಮೂಟೆನಾ? ಆಸ್ಪತ್ರೆಗೆ ಎತ್ಕೊಂಡು ಹೋದ್ರು, ಬಸ್ಸಿಗೆ ಎತ್ತಿ ಹಾಕಿದ್ರು, ಸಾಯೋವಾಗ ಹೇಗೂ ಎತ್ಕೊಂಡು ಹೋಗ್ತಾರೆ. ಇದೊಂದಕ್ಕಾದ್ರೂ ನಾನೇ ಹೋಗ್ಬೇಕು. ಹಳೇ ಮೆಟ್ಟಿಲು ನೋಡಿದ್ದೀರಲ್ಲ, ಕಾಲಿರೋರಿಗೇ ಜಾರುತ್ತೆ."

ಮೇಸ್ತ್ರಿ ಕೊಳದತ್ತ ನೋಡಿದಳು. ಟೈಲರಮ್ಮನ ತೋಳುಗಳತ್ತ ನೋಡಿದಳು. ಸೊಂಟದ ಪಟ್ಟಿಯಿಂದ ಅಳತೆ ಟೇಪು ತೆಗೆದಳು.

"ಸ್ವಲ್ಪ ಆ ಬೆಂಚಿಗೆ ಬಂದು ಕೂತ್ಕೊಳ್ತೀರಾ? ಅಳತೆ ತಗೋಬೇಕು."

ಮೂವತ್ತು ವರ್ಷ ಊರಿನವರನ್ನೆಲ್ಲ ಅಳೆದವಳು ಟೈಲರಮ್ಮ. ಅವಳನ್ನು ಅಳೆಯುತ್ತೇನೆ ಎಂದವರು ಯಾರೂ ಇರಲಿಲ್ಲ. ಎರಡೂ ಅಂಗೈ ಊರಿ, ಗಾಡಿಯಿಂದ ಬೆಂಚಿಗೆ ಮೈ ಎತ್ತಿ ಹಾಕಿದಳು. "ಬೇಗ ತಗೊಳ್ಳಿ. ಉಸಿರು ಬಿಗಿ ಹಿಡಿದು ನಿಲ್ಲೋರನ್ನ ಕಂಡ್ರೆ ನನಗಾಗಲ್ಲ, ಈಗ ನಾನೇ ಹಾಗೆ ಮಾಡ್ತಿದ್ದೀನಿ."

ಮೇಸ್ತ್ರಿ ಅಳೆದಳು: ಕೂತ ಜಾಗದಿಂದ ಕಂಕುಳವರೆಗೆ, ಸೊಂಟದಿಂದ ಮೊಣಕಾಲವರೆಗೆ, ಎರಡೂ ಅಂಗೈ ಊರಿದಾಗ ನಡುವಿನ ಅಗಲ. ಇಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ, ಟೈಲರಮ್ಮ ಸುಸ್ತಾಗದೆ ಎಷ್ಟು ಎತ್ತರ ಏರಬಲ್ಲಳೆಂದು ನೋಡಿದಳು. ಐದು ಅಂಗುಲ ಸಲೀಸು. ಎಂಟು ಅಂಗುಲಕ್ಕೆ ಹಣೆಯಲ್ಲಿ ಬೆವರು.

"ಹಾಗಾದ್ರೆ ಮೊದಲ ಮೂರು ಮೆಟ್ಟಿಲು ಐದೈದು ಅಂಗುಲ" ಎಂದಳು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತ. "ಅಲ್ಲಿಂದಾಚೆ ಎಂಟಿದ್ರೂ ಪರವಾಗಿಲ್ಲ. ಅಷ್ಟೊತ್ತಿಗೆ ನೀರು ನಿಮ್ಮ ಅರ್ಧ ಭಾರ ಹೊತ್ಕೊಂಡಿರುತ್ತೆ. ಐದನೇ ಮೆಟ್ಟಿಲು ಅಗಲ ಮಾಡ್ತೀನಿ, ಅದೇ ನಿಮ್ಮ ಕುರ್ಚಿ. ಅಲ್ಲಿ ಕೂತ್ರೆ ನೀರು ಎದೆಮಟ್ಟ. ಪಾಸ್ಟರ್ ಪಕ್ಕದಲ್ಲಿ ನಿಂತು ಹಿಂದಕ್ಕೆ ಬಾಗಿಸಿದ್ರೆ ತಲೆ ಪೂರ್ತಿ ಮುಳುಗುತ್ತೆ. ನಡೆಯೋರಿಗೆ ಅಲ್ಲಿಂದ ಕೆಳಗೆ ಇನ್ನೆರಡು ಮೆಟ್ಟಿಲು."

"ಎದೆ ಅಳತೆ ತಗೊಳ್ಳಲೇ ಇಲ್ಲ" ಎಂದಳು ಟೈಲರಮ್ಮ.

"ಕೊಳಕ್ಕೆ ಅದು ಬೇಡ."

"ನನ್ ಅಂಗಡೀಲಿ ಹಾಗಂದಿದ್ರೆ ರವಿಕೆ ಕೆಡ್ತಿತ್ತು."

ಇಬ್ಬರೂ ನಕ್ಕರು. ಅತ್ತೆ ಮಾತ್ರ ಗಂಭೀರವಾಗಿ ಇಟ್ಟಿಗೆ ಎಣಿಸುತ್ತಿದ್ದಳು. ಅಷ್ಟು ಅಗಲದ ಮೆಟ್ಟಿಲುಗಳು ಎಂಟಡಿಯ ಕೊಳದಲ್ಲಿ ಹಿಡಿಯುವುದಿಲ್ಲ ಎಂದು ಅವಳಿಗೆ ಆಗಲೇ ಗೊತ್ತಾಗಿತ್ತು.

ಗೋಡೆಗುಂಟ ಮೆಟ್ಟಿಲುಗಳನ್ನು ತಿರುಗಿಸಿದರೂ ಕೊಳವನ್ನು ನಾಲ್ಕಡಿ ಮುಂದಕ್ಕೆ ಹಿಗ್ಗಿಸಬೇಕಿತ್ತು. ಅಂದರೆ ಮೊದಲ ಸಾಲಿನ ಬೆಂಚು ಹೋಗಬೇಕು. ಮೊದಲ ಸಾಲಿನ ಬೆಂಚಿನಲ್ಲಿ ಕೂರುತ್ತಿದ್ದವರು ಸಮಿತಿಯ ಸದಸ್ಯರು. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಸಭೆ ಸೇರಿತು. ತೆರೆದ ಕೊಳದ ಒಂದು ಬದಿಯಲ್ಲಿ ಕಾರ್ಯದರ್ಶಿ ಮತ್ತು ಅವರ ಕಡೆಯವರು, ಇನ್ನೊಂದು ಬದಿಯಲ್ಲಿ ಪಾಸ್ಟರ್, ಟೈಲರಮ್ಮ, ಮೇಸ್ತ್ರಿ, ಅತ್ತೆ. ಬೈಬಲ್ಲಿನಲ್ಲಿ ಗಿಬ್ಯೋನಿನ ಕೊಳದ ಆಚೆಗೊಂದು ಈಚೆಗೊಂದು ದಂಡು ಎದುರುಬದುರಾಗಿ ಕೂತಿದ್ದ ಕತೆ ನೆನಪಾಗಿ ಪಾಸ್ಟರ್ ಸಣ್ಣಗೆ ನಿಟ್ಟುಸಿರು ಬಿಟ್ಟರು. ಆ ಕತೆಯ ಕೊನೆ ಒಳ್ಳೆಯದಿರಲಿಲ್ಲ.

"ಒಬ್ಬರಿಗೋಸ್ಕರ ಇಡೀ ಚರ್ಚ್ ಅಗೀಬೇಕಾ?" ಎಂದರು ಕಾರ್ಯದರ್ಶಿ. "ನಾಲ್ಕು ಜನ ಇದ್ದೀವಿ, ಜೋಪಾನವಾಗಿ ಇಳಿಸ್ತೀವಿ. ದೀಕ್ಷಾಸ್ನಾನಕ್ಕೆ ಬರೋರಿಗೆ ದೀನತೆ ಇರ್ಬೇಕು. ಇದು ಜಂಬ ಆಗುತ್ತೆ. ತಪ್ಪು ತಿಳ್ಕೋಬೇಡಿ ತಂಗೀ."

ಟೈಲರಮ್ಮ ತಪ್ಪು ತಿಳಿದುಕೊಳ್ಳಲಿಲ್ಲ. ಗಾಡಿಯನ್ನು ಕೊಳದ ಅಂಚಿಗೆ ತಂದು ನಿಲ್ಲಿಸಿದಳು.

"ಅಣ್ಣಾ, ನೀವು ಇಳಿದಾಗ ಯಾರು ಎತ್ಕೊಂಡಿದ್ರು?"

"ನಾನಾ? ನಾನು ನಡ್ಕೊಂಡೇ ಇಳಿದೆ."

"ಅದು ಜಂಬ ಆಗ್ಲಿಲ್ಲವಲ್ಲ."

ಕಾರ್ಯದರ್ಶಿಯ ಮುಖ ಹುಳ್ಳಗಾಯಿತು. ಅವರು ಕೆಟ್ಟ ಮನುಷ್ಯರಲ್ಲ. ಈ ಪ್ರಶ್ನೆಯನ್ನು ಆವರೆಗೆ ಯಾರೂ ಅವರಿಗೆ ಕೇಳಿರಲಿಲ್ಲ, ಅಷ್ಟೇ. ಹಿಂದಿನ ಸಾಲಿನಿಂದ ಮುದುಕರೊಬ್ಬರು ಊರುಗೋಲು ಎತ್ತಿ, "ಒಬ್ಬರಿಗೋಸ್ಕರ ಅಂತ ಯಾರಂದ್ರು? ನನ್ ಮಂಡಿ ಕೇಳಿ ನೋಡಿ" ಎಂದರು. ನಗು ಎದ್ದಿತು. ಕೈ ಎತ್ತಿಸಿದಾಗ ಎರಡೂ ಬದಿಯಲ್ಲಿ ಕೈ ಎದ್ದವು. ಮೊದಲ ಸಾಲಿನ ಬೆಂಚು ಅವತ್ತೇ ಗೋಡೆ ಪಕ್ಕಕ್ಕೆ ಹೋಯಿತು.

ಮೂರು ವಾರ ಕೆಲಸ ನಡೆಯಿತು. ಅಗೆದು, ತಳಕ್ಕೆ ಜಲ್ಲಿ ಹಾಕಿ, ಕಂಬಿ ಕಟ್ಟಿ, ಕಾಂಕ್ರೀಟು ಸುರಿದರು. ಅತ್ತೆ ಮುಷ್ಟಿ ಹಿಸುಕಿ ಒಪ್ಪದ ಒಂದು ಬಾಣಲಿ ಗಾರೆಯೂ ಗೋಡೆಗೆ ಹತ್ತಲಿಲ್ಲ. ಮೆಟ್ಟಿಲುಗಳ ಅಂಚನ್ನು ಮೇಸ್ತ್ರಿ ಕರಣೆಯಲ್ಲಿ ದುಂಡು ಮಾಡಿ, ಕೊನೆಗೆ ಅಂಗೈಯಲ್ಲೇ ಸವರಿದಳು. ಅಂಗೈ ಊರುವ ಜಾಗ ಅಂಗೈಗೆ ಚುಚ್ಚಬಾರದು. ದಿನಾ ಮಧ್ಯಾಹ್ನ ಟೈಲರಮ್ಮ ಅಂಗಡಿಗೆ ಬೀಗ ಹಾಕಿ ಬಂದು, ಒಣಗಿದ ಮೆಟ್ಟಿಲುಗಳ ಮೇಲೆ ಇಳಿದು ನೋಡುತ್ತಿದ್ದಳು. "ಇಲ್ಲಿ ಹಿಡ್ಕೊಳ್ಳೋಕೆ ಏನಾದ್ರೂ ಬೇಕು" ಎಂದಳು ಒಂದು ದಿನ, ಮೂರನೆಯ ಮೆಟ್ಟಿಲ ತಿರುವಿನಲ್ಲಿ. ಮೇಸ್ತ್ರಿ ಅವಳ ಕೈ ಚಾಚಿದ ಎತ್ತರ ಗುರುತು ಮಾಡಿಕೊಂಡು, ಮೆಟ್ಟಿಲಿಗೆ ಎರಡು ತೂತು ಕೊರೆದು ಸ್ಟೀಲ್ ಕಂಬ ನಿಲ್ಲಿಸಿ, ಸುತ್ತ ಗಾರೆ ತುಂಬಿ, ಮೇಲೊಂದು ಹಿಡಿಕೆ ಕೂರಿಸಿದಳು. ಗಟ್ಟಿಯಾಗಿ ನಿಂತಿತು.

ಏಳು ದಿನ ಗಾರೆಗೆ ನೀರು ಕುಡಿಸಿ, ಕ್ಯೂರಿಂಗ್ ಮುಗಿಸಿ ಕೊಳ ತುಂಬಿದರು. ಮತ್ತೆ ಗೆರೆ, ಮತ್ತೆ ಬಕೆಟ್ಟು. ಮಾರನೆಯ ಬೆಳಗ್ಗೆ ಮೇಸ್ತ್ರಿ ಬಂದು ಬಗ್ಗಿ ನೋಡಿದಳು. ಬಕೆಟ್ಟಿನ ನೀರು ಗೆರೆಗೆ ಹತ್ತಿರದಲ್ಲೇ ಇತ್ತು. ಕೊಳದ ನೀರು ಎರಡು ಬೆರಳು ಇಳಿದಿತ್ತು.

ಇಪ್ಪತ್ತು ವರ್ಷದಲ್ಲಿ ಅವಳು ತುಂಬಿಸಿದ ಯಾವ ತೊಟ್ಟಿಯೂ ಹಾಗೆ ಮಾಡಿರಲಿಲ್ಲ. ಮುಂದಿನ ಭಾನುವಾರ ಸ್ನಾನವೆಂದು ಎಲ್ಲರಿಗೂ ತಿಳಿಸಿಯಾಗಿತ್ತು. ಸುದ್ದಿ ಹೇಗೆ ಹಬ್ಬಿತೋ, ಒಂದು ಗಂಟೆಯೊಳಗೆ ಕಾರ್ಯದರ್ಶಿ, ಪಾಸ್ಟರ್, ಇನ್ನೂ ನಾಲ್ಕೈದು ಜನ ಅಂಚಿನಲ್ಲಿ ನಿಂತಿದ್ದರು. ಅದರಲ್ಲೊಬ್ಬ, "ಹೆಂಗಸರ ಕೈಗೆ ಕೊಟ್ರೆ…" ಎಂದು ಶುರು ಮಾಡಿದವನು ಅತ್ತೆಯ ಕಣ್ಣು ನೋಡಿ ವಾಕ್ಯ ಮುಗಿಸಲಿಲ್ಲ.

ಮೇಸ್ತ್ರಿ ಟೈಲರಮ್ಮನ ಪಕ್ಕದ ಅಂಗಡಿಯಿಂದ ಒಂದು ಶೀಶೆ ನೀಲಿ ಶಾಯಿ ತರಿಸಿದಳು. ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು. ಕದಡಿದ ನೀರು ಅಲುಗಾಡದೆ ನಿಲ್ಲುವವರೆಗೂ ಕಲ್ಲಿನಂತೆ ನಿಂತಳು. ಆಮೇಲೆ ಮೂಲೆ ಮೂಲೆಯಲ್ಲಿ ಒಂದೊಂದೇ ಹನಿ ಬಿಟ್ಟು ನೋಡಿದಳು. ಶಾಯಿ ಹೊಗೆಯಂತೆ ಅಲ್ಲೇ ತೇಲಿ ಕರಗಿತು. ಮೂಲೆಗಳು ಗಟ್ಟಿ. ಹಿಡಿಕೆಯ ಒಂದು ಕಂಬದ ಬುಡದಲ್ಲಿ ಬಿಟ್ಟ ಹನಿ ಮಾತ್ರ ಕರಗಲಿಲ್ಲ. ಅದು ದಾರದಂತೆ ನೀಳವಾಗಿ, ಕಂಬದ ಸುತ್ತ ಒಂದು ಅರ್ಧ ಸುತ್ತು ಹಾಕಿ, ಗಾರೆಯೊಳಗೆ ನುಗ್ಗಿ ಮಾಯವಾಯಿತು.

ಅವಳು ತಲೆಯೆತ್ತಿದಳು. "ಸಿಕ್ತು. ತಪ್ಪು ನಂದೇ. ಮೂರು ಪದರ ಬಳಿದಾದ್ಮೇಲೆ ಅದನ್ನ ತೂತು ಮಾಡಬಾರದು ಅಂತ ನನಗೆ ಗೊತ್ತಿತ್ತು. ಆದ್ರೂ ಮಾಡಿದೆ. ಗಾರೆ ಮುಚ್ಚುತ್ತೆ ಅನ್ಕೊಂಡೆ."

ತಪ್ಪನ್ನು ಸಿಮೆಂಟಿನ ಮೇಲೆ ಹಾಕಬಹುದಿತ್ತು, ಪೈಪಿನ ಮೇಲೆ ಹಾಕಬಹುದಿತ್ತು. ಹಾಗೆ ಜಾರಿಕೊಳ್ಳುವವರನ್ನು ಕಾರ್ಯದರ್ಶಿ ತಮ್ಮ ಕೆಲಸದ ಉದ್ದಕ್ಕೂ ನೋಡಿದ್ದರು. ಇವಳು ಸೊಂಟದವರೆಗಿನ ನೀರಿನಲ್ಲಿ ನಿಂತು, ಎಲ್ಲರ ಮುಖ ನೋಡಿ ಹೇಳಿದ್ದಳು. ಅವರು ಮೆಲ್ಲಗೆ ಕೊಳದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತರು.

"ಮೇಸ್ತ್ರೀ, ಕಂಬ ಕೆಳಗಿಂದ ಯಾಕೆ ಬರ್ಬೇಕು?"

"ಅಂದ್ರೆ?"

"ಮೇಲಿಂದ ಇಳಿಬಿಡೋಣ. ನೀರಿನ ಗೆರೆಗಿಂತ ಮೇಲೆ, ಕೊಳದ ದಂಡೆಗೆ ಹಿಡಿಸಿ, ಕೆಳಗೆ ಬಗ್ಗಿಸಿದ್ರೆ ಆಯ್ತು. ಪಂಪ್‌ಹೌಸಲ್ಲಿ ಬಾವಿ ಪೈಪೆಲ್ಲ ಹಾಗೇ ನಾವು ಇಳಿಬಿಡ್ತಿದ್ದಿದ್ದು. ನೀರೊಳಗೆ ಒಂದು ಮೊಳೆಯೂ ಹೊಡೀತಿರ್ಲಿಲ್ಲ."

ಮೇಸ್ತ್ರಿ ಕಣ್ಣು ಮುಚ್ಚಿ ಆ ಪೈಪನ್ನು ಮನಸ್ಸಿನಲ್ಲೇ ಬಗ್ಗಿಸಿ ನೋಡಿದಳು. "ಇದು ನನಗೆ ಹೊಳೀಬೇಕಿತ್ತು" ಎಂದಳು.

"ನನಗೂ ಮೊದಲ ದಿನಾನೇ ಹೇಳ್ಬೇಕು ಅನ್ನಿಸ್ಬೇಕಿತ್ತು" ಎಂದರು ಕಾರ್ಯದರ್ಶಿ.

ಮಧ್ಯಾಹ್ನವೇ ಅವರು ಮನೆಯ ಅಟ್ಟದಿಂದ ಪೈಪ್ ಬಗ್ಗಿಸುವ ಹಳೆಯ ಯಂತ್ರ ಇಳಿಸಿ ತಂದರು. ತೋಳು ಮಡಚಿ, ಹಲ್ಲು ಕಚ್ಚಿ, ಟೈಲರಮ್ಮನ ಕೈ ಎತ್ತರಕ್ಕೆ ಸರಿಯಾಗಿ ಎರಡು ಬಾಗು ತೆಗೆದರು. ಇತ್ತ ಮೇಸ್ತ್ರಿ ಕಂಬಗಳನ್ನು ಕಿತ್ತು, ತೂತುಗಳ ಸುತ್ತ ಒಂದಡಿ ಅಗಲಕ್ಕೆ ಪದರ ಪದರವಾಗಿ ಬಿಡಿಸಿ, ಮತ್ತೆ ಪದರ ಪದರವಾಗಿ ಕಟ್ಟಿದಳು. ಅತ್ತೆ ಅವತ್ತು ಒಂದೇ ಒಂದು ಸಲವೂ ಬೈಯಲಿಲ್ಲ. ಸೊಸೆಗೆ ಅದೇ ಹೆಚ್ಚು ಕಷ್ಟವಾಯಿತು. "ಏನಾದ್ರೂ ಅನ್ನಿ ಅತ್ತೆ" ಎಂದಳು ಕೊನೆಗೆ.

"ಏನನ್ಲಿ? ಅಷ್ಟು ಜನರೆದುರು ತಪ್ಪು ನಂದು ಅಂದ್ಯಲ್ಲ, ಅದನ್ನ ನಾನು ಕಲಿಸಿರ್ಲಿಲ್ಲ." ಮುದುಕಿ ಗಾರೆಯ ಕೈಯನ್ನು ಸೀರೆಗೆ ಒರೆಸಿಕೊಂಡು, ಮುಖ ಆಚೆ ತಿರುಗಿಸಿದಳು. "ಅದು ನಿನ್ನದೇ."

ಸ್ನಾನವನ್ನು ಎರಡು ವಾರ ಮುಂದಕ್ಕೆ ಹಾಕಿದರು. ಈ ಸಲ ಬಕೆಟ್ಟು ಮತ್ತು ಕೊಳ ಮೂರು ದಿನ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಜೊತೆಜೊತೆಯಾಗಿ ಇಳಿದವು.

ಆ ಭಾನುವಾರ ಬೆಳಗ್ಗೆ ಚರ್ಚಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಅತ್ತೆ–ಸೊಸೆ ಯಾವ ಪ್ರಾರ್ಥನೆಗೂ ಹೋಗುವವರಲ್ಲ, ಆದರೂ ಬಂದಿದ್ದರು. ಅವರಿಗೆಂದು ಜಾಗ ಹಿಡಿದಿಟ್ಟಿದ್ದವರು ಕಾರ್ಯದರ್ಶಿ. ಕಿಟಕಿಯ ಬೆಳಕು ನೀರಿನ ಮೇಲೆ ಬಿದ್ದು ಚಾವಣಿಯಲ್ಲಿ ಅಲೆಯಾಡುತ್ತಿತ್ತು. ಪಾಸ್ಟರ್ ಆಗಲೇ ನೀರಿಗಿಳಿದು ಐದನೆಯ ಮೆಟ್ಟಿಲ ಪಕ್ಕ ನಿಂತಿದ್ದರು.

ಟೈಲರಮ್ಮ ತನಗೇ ಹೊಲಿದುಕೊಂಡ ನಿಲುವಂಗಿಯಲ್ಲಿ ಬಂದಳು. ಗಾಡಿಯಿಂದ ದಂಡೆಗೆ ಇಳಿದಳು. ಅಂಗೈ ಊರಿದಳು, ಮೈ ಎತ್ತಿದಳು, ಮೊದಲ ಮೆಟ್ಟಿಲಿಗೆ ಕೂತಳು. ಕಾಲುಗಳನ್ನು ಒಂದೊಂದಾಗಿ ಕೈಯಿಂದ ಎತ್ತಿ ಮುಂದಿಟ್ಟಳು. ಎರಡನೆಯದು. ನೀರು ಅವಳನ್ನು ಮುಟ್ಟಿತು. ಒಂದು ಸಲ ಉಸಿರು ಎಳೆದುಕೊಂಡಳು. ಮೂರನೆಯದರ ತಿರುವಿನಲ್ಲಿ ಕೈ ತಾನಾಗಿ ಮೇಲೆದ್ದು, ಹುಡುಕದೆಯೇ ಪೈಪನ್ನು ಹಿಡಿಯಿತು. ನಾಲ್ಕನೆಯದರಲ್ಲಿ ಅವಳ ಮುಖದ ಬಿಗಿ ಒಮ್ಮೆಲೇ ಸಡಿಲಾಯಿತು. ನೀರು ಅವಳ ಭಾರ ಹೊರತೊಡಗಿತ್ತು. ಐವತ್ತೆರಡು ವರ್ಷದಲ್ಲಿ ಅವಳ ಮೈ ಅವಳಿಗೆ ಅಷ್ಟು ಹಗುರಾಗಿದ್ದು ಅದೇ ಮೊದಲು. ಐದನೆಯದರಲ್ಲಿ ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು. ನೀರು ಸರಿಯಾಗಿ ಎದೆಮಟ್ಟ. ನಿಲುವಂಗಿಯ ಅಂಚು ತೇಲಲಿಲ್ಲ.

ಪಾಸ್ಟರ್ ಹೇಳಬೇಕಾದ್ದನ್ನು ಹೇಳಿದರು. ಒಂದು ಕೈ ಬೆನ್ನಿಗೆ, ಒಂದು ಕೈ ಅವಳ ಮಡಚಿದ ಕೈಗಳ ಮೇಲೆ. ಅವಳು ಹಿಂದಕ್ಕೆ ಬಾಗಿದಳು. ಮುಖ, ಹಣೆ, ನರೆತ ಕೂದಲು, ಎಲ್ಲವೂ ನೀರೊಳಗೆ ಹೋದವು. ಎದ್ದಳು. ಕಣ್ಣು ಅಗಲವಾಗಿ ತೆರೆದು ಎದುರಿಗಿದ್ದ ಅಷ್ಟೂ ಜನರನ್ನು ನೋಡಿದಳು.

ಹತ್ತುವುದು ಇಳಿದಷ್ಟು ಸುಲಭವಿರಲಿಲ್ಲ. ಒದ್ದೆ ಬಟ್ಟೆ ಭಾರ; ನೀರು ಒಂದೊಂದೇ ಮೆಟ್ಟಿಲಿಗೆ ತನ್ನ ಪಾಲಿನ ಹೊರೆಯನ್ನು ಅವಳಿಗೇ ವಾಪಸು ಕೊಡುತ್ತಿತ್ತು. ಎರಡನೆಯ ಮೆಟ್ಟಿಲಲ್ಲಿ ತೋಳುಗಳು ನಡುಗಿದವು. ಕಾರ್ಯದರ್ಶಿ ತಡೆಯಲಾರದೆ ಅರ್ಧ ಎದ್ದರು. ಮೇಸ್ತ್ರಿ ಅವರ ಅಂಗಿಯ ತೋಳು ಹಿಡಿದು ಕೂರಿಸಿದಳು. "ಐದೇ ಅಂಗುಲ ಅಣ್ಣಾ" ಎಂದು ಪಿಸುಗುಟ್ಟಿದಳು. "ಅವರಿಗೆ ಆಗುತ್ತೆ. ನಾನು ಅಳೆದಿದ್ದೀನಿ."

ಆಯಿತು. ಟೈಲರಮ್ಮ ದಂಡೆಯ ಮೇಲೆ ಕೂತಾಗ ಯಾರು ಮೊದಲು ಚಪ್ಪಾಳೆ ತಟ್ಟಿದರೋ ಗೊತ್ತಿಲ್ಲ. ಆ ಚರ್ಚಿನಲ್ಲಿ ಅದುವರೆಗೆ ಯಾರೂ ಚಪ್ಪಾಳೆ ತಟ್ಟಿದ್ದಿಲ್ಲ. ಊರುಗೋಲಿನ ಮುದುಕರು ನೆಲಕ್ಕೆ ಗೋಲು ಕುಟ್ಟುತ್ತಿದ್ದರು. ಅತ್ತೆ ತನ್ನ ಪಕ್ಕದವಳಿಗೆ, ಅವಳು ಕೇಳದಿದ್ದರೂ, "ಗಾರೆ ಹದ ನಂದು, ಕೈ ನನ್ ಸೊಸೇದು" ಎಂದು ಹೇಳುತ್ತಿದ್ದಳು. ಅಷ್ಟಕ್ಕೆ ಸಾಲದೆ ಹಿಂದಿನ ಸಾಲಿಗೂ ತಿರುಗಿ ಹೇಳಿದಳು.

ಹೊರಗೆ ಬಿಸಿಲು ಚೆನ್ನಾಗಿತ್ತು. ಪಾಸ್ಟರ್ ಟವೆಲು ಹಿಡಿದು ಬಾಗಿಲವರೆಗೆ ಓಡಿಬಂದರು. "ತಲೆ ಒರೆಸ್ಕೊಳ್ಳಮ್ಮಾ, ಶೀತ ಆಗುತ್ತೆ."

"ಬೇಡ ಅಯ್ಯಾ" ಎಂದಳು ಟೈಲರಮ್ಮ. ಕೂದಲಿಂದ ನೀರು ಭುಜಕ್ಕೆ, ಭುಜದಿಂದ ಗಾಡಿಯ ಸೀಟಿಗೆ ತೊಟ್ಟಿಕ್ಕುತ್ತಿತ್ತು. "ಬೀದೀಲಿ ಎಲ್ಲರೂ ನೋಡ್ಲಿ."

ಗಾಡಿಯ ಹಿಡಿಗೆ ಎರಡೂ ಕೈ ಹಾಕಿ, ಹತ್ತಿರದ ದಾರಿ ಬಿಟ್ಟು, ಪೇಟೆಯ ನಡುವಿನ ದೊಡ್ಡ ಬೀದಿಗೆ ತಿರುಗಿಸಿದಳು. ಮೇಸ್ತ್ರಿ ಒಂದು ಬದಿಯಲ್ಲಿ, ಅತ್ತೆ ಇನ್ನೊಂದು ಬದಿಯಲ್ಲಿ ನಡೆದರು. ಅಂಗಡಿಯವರು ಹೊರಗೆ ಬಂದು ನಿಂತರು. ಯಾರೋ, "ಏನಮ್ಮಾ, ಮಳೇನಾ?" ಎಂದು ಕೇಳಿದರು. ಟೈಲರಮ್ಮ ಗಾಡಿ ನಿಲ್ಲಿಸಿ, ಮೊದಲ ಮೆಟ್ಟಿಲಿಂದ ಶುರುಮಾಡಿ, ಎಲ್ಲವನ್ನೂ ವಿವರವಾಗಿ ಹೇಳತೊಡಗಿದಳು.